ವಿಜ್ಞಾನ ಕಾದಂಬರಿಗಳು: ನಾವು ಮೆಚ್ಚಿದ್ದು, ಮೆಚ್ಚದ್ದು

ವಿಜ್ಞಾನ ಕಾದಂಬರಿಯನ್ನು ಓದತೊಡಗುವಾಗ ನಾವು ಅದರ ಕರ್ತೃವಿನೊಡನೆ ಒಂದು ಒಪ್ಪಂದ ಮಾಡಿಕೊಳ್ಳುತ್ತೇವೆ. ನಡೆಯದ ಒಂದು ಸಂಗತಿಯನ್ನು ನಡೆಯಿತೆಂದು ನಾವು ಒಪ್ಪಬೇಕು. ಅಲ್ಲಿಂದ ಮುಂದೆ ಪ್ರಕೃತಿಯ ನಿಯಮಗಳಿಗೆ ಭಂಗ ಬಾರದಂತೆ ಕಥೆ ನಡೆಸುವುದು ಕರ್ತೃವಿನ ಹೊಣೆ. ಈ ಒರೆಗಲ್ಲನ್ನು ಕೈಯಲ್ಲಿ ಹಿಡಿದು ನಮ್ಮ ಶತಮಾನದ ಮೂರು ಪ್ರಸಿದ್ಧ ಕಾದಂಬರಿಗಳನ್ನು ಓದಿದೆವು. ನಮ್ಮ ಅಭಿಪ್ರಾಯ ಮಿಶ್ರವಾಗಿದೆ.

ಮೊದಲನೆಯದು, ಅಮೆರಿಕದ ಆಂಡಿ ವಿಯರ್ ಅವರು 2011ರಲ್ಲಿ ಪ್ರಕಟಿಸಿದ ‘ದಿ ಮಾರ್ಷಿಯನ್’. ಮಂಗಳ ಗ್ರಹದಲ್ಲಿ ಒಂಟಿಯಾಗಿ ಉಳಿದ ವ್ಯೋಮಯಾತ್ರಿಯೊಬ್ಬನು ಆಲೂಗಡ್ಡೆ ಬೆಳೆದು ಜೀವ ಹಿಡಿದುಕೊಳ್ಳುವ ಕಥೆಯಿದು. ರಾಕೆಟ್ಟಿನ ಇಂಧನವಾದ ಹೈಡ್ರಜೀನ್‌ನಿಂದ ಜಲಜನಕವನ್ನು ಬಿಡಿಸಿ, ಅದನ್ನು ಉರಿಸಿ ಅವನು ನೀರು ಪಡೆಯುವ ಪ್ರಕರಣವು ರಸಾಯನಶಾಸ್ತ್ರದ ಒಂದು ಸೊಗಸಾದ ಪಾಠ. ಆದರೆ ಕಥೆಯ ಮೂಲವೇ ಅಸಂಭವ. ಗಂಟೆಗೆ 175 ಕಿಲೋಮೀಟರ್ ವೇಗದ ಬಿರುಗಾಳಿಗೆ ನೌಕೆ ಉರುಳೀತೆಂಬ ಭಯದಿಂದ ಸಂಗಡಿಗರು, ಇವನು ಸತ್ತನೆಂದು ಭಾವಿಸಿ, ಹೊರಟುಹೋಗುತ್ತಾರೆ. ಗಾಳಿಯ ಒತ್ತು ಅದರ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆಂಬುದನ್ನು ವಾಚಕರು ಬಲ್ಲರು. ಒಂದು ಘನಮೀಟರ್ ಗಾಳಿಯ ದ್ರವ್ಯರಾಶಿ ಭೂಮಿಯಲ್ಲಿ ಸುಮಾರು 1.2 ಕಿಲೋಗ್ರಾಂ, ಮಂಗಳದಲ್ಲಿ ಸುಮಾರು 20 ಗ್ರಾಂ, ಅಂದರೆ ಅರವತ್ತರಲ್ಲಿ ಒಂದು ಪಾಲು. 60ರ ವರ್ಗಮೂಲದಿಂದ 175ನ್ನು ಭಾಗಿಸಿದರೆ ಬರುವುದು ಸುಮಾರು 23. ಅಷ್ಟು ವೇಗದ ಗಾಳಿಗೆ ನಮ್ಮಲ್ಲಿ ಬಾವುಟ ಪಟಪಟಿಸೀತು, ಅಷ್ಟೆ! ತಿಳಿದೇ ಈ ಸ್ವಾತಂತ್ರ್ಯ ವಹಿಸಿದೆನೆಂದು ಗ್ರಂಥಕರ್ತರು ಒಪ್ಪಿಕೊಂಡಿದ್ದಾರೆ. ಒಪ್ಪಂದದಂತೆ ಇದೊಂದನ್ನು ನಾವೂ ಮನ್ನಿಸಿದೆವು.

ಎರಡನೆಯದು, ಚೀನದ ಲಿಯು ಸಿಶಿನ್ ಅವರ ‘ದಿ ತ್ರೀ ಬಾಡಿ ಪ್ರಾಬ್ಲಮ್’. 2008ರಲ್ಲಿ ಪುಸ್ತಕವಾದ ಇದರ ಇಂಗ್ಲಿಷ್ ಅನುವಾದಕ್ಕೆ 2015ರಲ್ಲಿ ಹ್ಯೂಗೋ ಪ್ರಶಸ್ತಿ ಸಂದಿತು. ಪರಸ್ಪರ ಆಕರ್ಷಿಸುವ ಮೂರು ಕಾಯಗಳ ಚಲನೆಯನ್ನು ಬಹುಕಾಲದವರೆಗೆ ಮುಂಗಾಣುವುದು ಸಾಮಾನ್ಯವಾಗಿ ಅಸಾಧ್ಯ. ಮೂರು ಸೂರ್ಯರ ನಡುವೆ ತೊಳಲುವ ಗ್ರಹದ ಜೀವಿಗಳ ಕಷ್ಟವನ್ನು ಲೇಖಕರು ಈ ತತ್ತ್ವದಿಂದಲೇ ಹೆಣೆದಿದ್ದಾರೆ. ನಾಲ್ಕು ಜ್ಯೋತಿರ್ವರ್ಷಗಳಾಚೆಯ ಆಲ್ಫಾ ಸೆಂಟಾರಿಯಲ್ಲಿ ಮೂರು ನಕ್ಷತ್ರಗಳಿರುವುದು ನಿಜ. ಆದರೆ ಮೂರನೆಯದು ಉಳಿದೆರಡರಿಂದ ಬಹುದೂರದಲ್ಲಿರುವುದರಿಂದ ಅಲ್ಲಿ ಅಂಥ ಅಸ್ತವ್ಯಸ್ತತೆಯಿಲ್ಲ. ಇದನ್ನೂ ಮನ್ನಿಸೋಣ. ಮುಂದೆ ಲೇಖಕರು, ಜೋಡಿ ಕಣಗಳ ಮೂಲಕ ಅಷ್ಟು ದೂರಕ್ಕೆ ತತ್‌ಕ್ಷಣ ಸಂದೇಶ ಕಳುಹಿಸುತ್ತಾರೆ. ಕ್ವಾಂಟಂ ಶಾಸ್ತ್ರ ಇದಕ್ಕೆ ಅವಕಾಶವೀಯದು. ಕಥೆ ಇಕ್ಕಟ್ಟಿಗೆ ಸಿಕ್ಕಾಗ ಬೇಡಿದ ಈ ಎರಡನೆಯ ಸಾಲವನ್ನು ಕೊಡಲು ನಮಗೆ ಮನಸ್ಸಾಗಲಿಲ್ಲ. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ತಂದೆಯ ಕೊಲೆಯನ್ನು ಕಣ್ಣಾರೆ ಕಂಡ ವಿಜ್ಞಾನಿ ಯೆ ವೆನ್‌ಜಿಯೆಯೊಬ್ಬಳನ್ನುಳಿದು ಬೇರೆ ಪಾತ್ರಗಳೂ ನೆನಪಿನಲ್ಲಿ ನಿಲ್ಲುವುದಿಲ್ಲ.

ಮೂರನೆಯದು, ಕಿಮ್ ಸ್ಟ್ಯಾನ್ಲಿ ರಾಬಿನ್ಸನ್ ಅವರ ‘ದಿ ಮಿನಿಸ್ಟ್ರಿ ಫಾರ್ ದಿ ಫ್ಯೂಚರ್’ (2020). ಕಾದಂಬರಿಯಾಗಿ ಮೂರರಲ್ಲಿ ಇದೇ ನೀರಸ. ಸಭೆಗಳ ವರದಿಗಳನ್ನೂ ಅರ್ಥಶಾಸ್ತ್ರದ ಉಪನ್ಯಾಸಗಳನ್ನೂ ದಾಟಲು ನಾವು ಹೆಣಗಿದೆವು. ಆದರೆ ಉತ್ತರ ಪ್ರದೇಶದ ಒಂದು ಪಟ್ಟಣವನ್ನು ಬಿಸಿಗಾಳಿ ಆವರಿಸುವ ಮೊದಲ ಅಧ್ಯಾಯವನ್ನು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಉಷ್ಣಮಾಪಕದ ಬುರುಡೆಗೆ ಒದ್ದೆಬಟ್ಟೆ ಸುತ್ತಿದರೆ, ನೀರು ಆವಿಯಾಗುತ್ತ ಶಾಖವನ್ನು ಹೀರುವುದರಿಂದ ಪಾದರಸ ಇಳಿಯುತ್ತದೆ. ಬೆವರು ದೇಹವನ್ನು ತಣಿಸುವುದೂ ಹೀಗೆಯೇ. ಗಾಳಿ ತೇವದಿಂದ ತುಂಬಿ, ಒದ್ದೆ ಬುರುಡೆಯೂ 35 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ, ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನೂ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರನೆಂಬುದು ಗಣನೆ. ತರುಣರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗಗಳಂತೆ, ಸುಮಾರು 31 ಡಿಗ್ರಿಯಲ್ಲಿಯೇ ದೇಹವು ತನ್ನ ಶಾಖವನ್ನು ಹತೋಟಿಯಲ್ಲಿಡಲಾರದೆ ಹೋಗುತ್ತದೆ.

ಈ ಅಧ್ಯಾಯವು ನಮ್ಮಿಂದ ಯಾವ ಸಾಲವನ್ನೂ ಬೇಡಲಿಲ್ಲ. ಅನ್ಯಲೋಕದ ಜೀವಿಗಳು ಹುಟ್ಟಿಸದ ಭಯವನ್ನು ಒಂದು ಒದ್ದೆಬಟ್ಟೆ ಹುಟ್ಟಿಸಿತು. ತರುಣ ವಾಚಕರು ಮೂರನ್ನೂ ಓದಲಿ. ಆದರೆ ಪಕ್ಕದಲ್ಲಿ ಒಂದು ಪೆನ್ಸಿಲು, ಒಂದು ಹಾಳೆ ಇರಲಿ. ಲೆಕ್ಕ ತಪ್ಪಿದಲ್ಲಿ ನಕ್ಕು ಮುಂದೆ ಹೋಗಬಹುದು. ಲೆಕ್ಕ ಸರಿಬಂದಲ್ಲಿ ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಯೋಚಿಸಬೇಕು.