ಹಸಿರು ಎಲ್‌ಇಡಿ ಹೊತ್ತಿದ್ರೆ ನೀರು ಕುಡಿಯಬಹುದಾ?

ಮಿನಿ ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಕ್ಯಾಂಪಸ್‌ನಲ್ಲಿ ಎರಡು ಪ್ರಾಜೆಕ್ಟ್ ಖಾಯಂ. ಒಂದು ಲೈನ್ ಫಾಲೋವರ್ ರೋಬೋ, ಇನ್ನೊಂದು ನೀರಿನ ಗುಣಮಟ್ಟ ಅಳೆಯುವ ಐಓಟಿ ಸಿಸ್ಟಮ್. ಒಂದು ಇಎಸ್‌ಪಿ32 ಬೋರ್ಡು, ಟಿಡಿಎಸ್, ಪಿಎಚ್, ಟರ್ಬಿಡಿಟಿ ಸೆನ್ಸರ್‌ಗಳು, ಫೋನಿನಲ್ಲಿ ಡ್ಯಾಶ್‌ಬೋರ್ಡು, ಕೊನೆಗೊಂದು ಹಸಿರು ಎಲ್‌ಇಡಿ: 'ನೀರು ಸುರಕ್ಷಿತ'. ನಾವೂ ಇದನ್ನೇ ಮಾಡಿದ್ವಿ, ವೈವಾದಲ್ಲಿ ಪಾಸೂ ಆದ್ವಿ. ಆಮೇಲೆ ಆ ಹಸಿರು ದೀಪ ನನ್ನನ್ನು ಸ್ವಲ್ಪ ಕಾಡಿತು.

ಮೊದಲು ಟಿಡಿಎಸ್ ವಿಷಯ. ಈ ಸೆನ್ಸರ್ ನೀರಿನಲ್ಲಿ ಏನು ಕರಗಿದೆ ಅಂತ ನೋಡೋದೇ ಇಲ್ಲ. ಎರಡು ಪಿನ್‌ಗಳ ನಡುವೆ ನೀರು ಎಷ್ಟು ಕರೆಂಟ್ ಸಾಗಿಸುತ್ತದೆ ಅಂತ ಅಳೆದು, ಅದನ್ನು ಸುಮಾರು 0.5ರಿಂದ 0.7ರೊಳಗಿನ ಒಂದು ಸಂಖ್ಯೆಯಿಂದ ಗುಣಿಸಿ ಇಷ್ಟು ಲವಣ ಇರಬಹುದು ಅಂತ ಅಂದಾಜು ಹೇಳುತ್ತದೆ, ಅಷ್ಟೇ. ಅಡುಗೆ ಉಪ್ಪೋ, ಸುಣ್ಣವೋ, ನೈಟ್ರೇಟೋ, ಅದಕ್ಕೆ ಎಲ್ಲಾ ಒಂದೇ.

ಈಗ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಬೋರ್‌ವೆಲ್ ನೀರನ್ನು ನೆನಪು ಮಾಡಿಕೊಳ್ಳಿ. ಅಲ್ಲಿನ ದೊಡ್ಡ ಸಮಸ್ಯೆ ಫ್ಲೋರೈಡ್. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಬಹುದು; ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. ಪ್ರಮಾಣ ಇನ್ನೂ ಜಾಸ್ತಿ ಇದ್ದರೆ ದೊಡ್ಡವರ ಬೆನ್ನು, ಮೂಳೆ ಬಿಗಿದುಕೊಳ್ಳುತ್ತವೆ. ಒಂದು ಲೆಕ್ಕ ಹಾಕೋಣ. ನೀರಿನ ಟಿಡಿಎಸ್ 450, ಅದರಲ್ಲಿ ಫ್ಲೋರೈಡ್ 3 ಮಿಲಿಗ್ರಾಂ ಅಂತಿಟ್ಟುಕೊಳ್ಳಿ. ಸೆನ್ಸರ್ ಶೇ. 2ರಷ್ಟೇ ತಪ್ಪಿದರೂ ಅದು 9 ಮಿಲಿಗ್ರಾಂ. ಅಂದ್ರೆ ಮಿತಿಯ ಎರಡು ಪಟ್ಟು ಫ್ಲೋರೈಡ್ ಮೀಟರಿನ ಎರರ್ ಒಳಗೇ ಆರಾಮಾಗಿ ಅಡಗಿ ಕೂತಿರುತ್ತದೆ. ಟಿಡಿಎಸ್ ಮಿತಿ 500, ನಮ್ಮದು 450, ಹಸಿರು ದೀಪ! ಇನ್ನು ಬ್ಯಾಕ್ಟೀರಿಯಾದ ಮಾತಂತೂ ಬೇಡವೇ ಬೇಡ. ಭೇದಿ ತರಿಸುವಷ್ಟು ಇ. ಕೋಲಿ ಇದ್ದರೂ ವಾಹಕತೆ ಅಲುಗಾಡೋದಿಲ್ಲ.

ಸರಿ, ಅಳೆಯೋದನ್ನಾದರೂ ಸರಿಯಾಗಿ ಅಳೆಯುತ್ತಾ? ನಮ್ಮ ಗ್ರಾಫ್‌ನಲ್ಲಿ ದಿನಾ ಮಧ್ಯಾಹ್ನ ಟಿಡಿಎಸ್ ಏರುತ್ತಿತ್ತು, ರಾತ್ರಿ ಇಳಿಯುತ್ತಿತ್ತು. 'ಮಧ್ಯಾಹ್ನ ನೀರಿನ ಗುಣಮಟ್ಟ ಕುಸಿಯುತ್ತದೆ' ಅಂತ ರಿಪೋರ್ಟಿನಲ್ಲಿ ಬರೆದೂಬಿಟ್ಟಿದ್ವಿ. ನೀರು ಕೆಟ್ಟಿರಲಿಲ್ಲ, ತಾರಸಿ ಮೇಲಿನ ಟ್ಯಾಂಕು ಬಿಸಿಲಿಗೆ ಕಾದಿತ್ತು. ತಾಪಮಾನ 1 ಡಿಗ್ರಿ ಏರಿದರೆ ವಾಹಕತೆ ಸುಮಾರು ಶೇ. 2 ಏರುತ್ತದೆ, 25ರಿಂದ 35ಕ್ಕೆ ಹೋದರೆ ಶೇ. 20. ಜೊತೆಗೊಂದು ಡಿಎಸ್18ಬಿ20 ತಾಪಮಾನ ಸೆನ್ಸರ್ ಹಾಕಿ, ಓದಿದ ಬೆಲೆಯನ್ನು 25 ಡಿಗ್ರಿಗೆ ತಂದುಕೊಂಡ ಮೇಲೆ ಆ ಗುಡ್ಡ ಮಾಯ.

ಪಿಎಚ್ ಪ್ರೋಬ್ ಇನ್ನೂ ನಾಜೂಕು. 25 ಡಿಗ್ರಿಯಲ್ಲಿ ಒಂದು ಪಿಎಚ್‌ಗೆ ಅದು ಕೊಡೋದು ಸುಮಾರು 59 ಮಿಲಿವೋಲ್ಟ್ ಮಾತ್ರ. ಗಾಜಿನ ಬಲ್ಬಿನ ರೋಧ ಮೆಗಾಓಮ್‌ಗಳಲ್ಲಿ ಇರುವುದರಿಂದ ಮಧ್ಯೆ ಒಳ್ಳೆ ಆಂಪ್ಲಿಫೈಯರ್ ಬೇಕೇ ಬೇಕು. ಇಎಸ್‌ಪಿ32ರ ಎಡಿಸಿ ಬೇರೆ ಅಂಚುಗಳಲ್ಲಿ ಸೊಟ್ಟ. ವೈಫೈ ಆನ್ ಇದ್ದಾಗ ಎಡಿಸಿ2 ಪಿನ್‌ಗಳು ಕೈಕೊಡುತ್ತವೆ. ಎಡಿಎಸ್1115 ಥರದ ಹೊರಗಿನ ಎಡಿಸಿ ಹಾಕೋದು ವಾಸಿ. ಇನ್ನೊಂದು, ಇದನ್ನು ಯಾರೂ ಹೇಳಿಕೊಡಲ್ಲ: ಒಂದೇ ಬಕೆಟ್‌ನಲ್ಲಿ ಟಿಡಿಎಸ್ ಮತ್ತು ಪಿಎಚ್ ಪ್ರೋಬ್ ಇಟ್ಟರೆ ಮೊದಲನೆಯದು ನೀರಿಗೆ ಬಿಡುವ ಕರೆಂಟ್ ಎರಡನೆಯದರ ರೀಡಿಂಗ್ ಕೆಡಿಸುತ್ತದೆ. ಒಂದಕ್ಕೆ ಪವರ್ ಕೊಟ್ಟಾಗ ಇನ್ನೊಂದನ್ನು ಪೂರ್ತಿ ಕತ್ತರಿಸಿ, ಸರದಿಯ ಮೇಲೆ ಓದಿ. ಪ್ರೋಬ್ ಒಣಗಲು ಬಿಡಬೇಡಿ, ಡಿಸ್ಟಿಲ್ಡ್ ವಾಟರ್‌ನಲ್ಲೂ ಇಡಬೇಡಿ; ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಿ.

ಅಗ್ಗದ ಟರ್ಬಿಡಿಟಿ ಸೆನ್ಸರ್ ವಾಷಿಂಗ್ ಮಷೀನಿನ ನೀರು ಎಷ್ಟು ಬಗ್ಗಡ ಅಂತ ನೋಡೋಕೆ ಹುಟ್ಟಿದ್ದು. ಕುಡಿಯುವ ನೀರಿಗೆ ಬೇಕಾದ 1ರಿಂದ 5 ಎನ್‌ಟಿಯು ವ್ಯಾಪ್ತಿಯಲ್ಲಿ ಅದನ್ನು ನಂಬೋ ಹಾಗಿಲ್ಲ.

ಹಾಗಾದ್ರೆ ಇದೆಲ್ಲಾ ದಂಡಾನಾ? ಅಲ್ಲ. ಅಗ್ಗದ ಸೆನ್ಸರ್ 'ಎಷ್ಟು' ಅಂತ ಹೇಳೋದರಲ್ಲಿ ಸೋಲುತ್ತದೆ, 'ಏನೋ ಬದಲಾಯ್ತು' ಅಂತ ಹೇಳೋದರಲ್ಲಿ ಗೆಲ್ಲುತ್ತದೆ. ಲ್ಯಾಬಿಗೆ ಸ್ಯಾಂಪಲ್ ಹೋಗೋದು ಅಪರೂಪಕ್ಕೆ. ಪೈಪ್ ಒಡೆದು ಚರಂಡಿ ನೀರು ಸೇರೋದು ಯಾವುದೋ ರಾತ್ರಿ. ತಿಂಗಳುಗಟ್ಟಲೆ ಒಂದೇ ಮಟ್ಟದಲ್ಲಿದ್ದ ವಾಹಕತೆ ಮಳೆ ಬಿದ್ದ ಮಾರನೇ ದಿನ ಜಿಗಿದರೆ ಅಥವಾ ಕುಸಿದರೆ, ಸ್ಯಾಂಪಲ್ ತೆಗೆಯೋಕೆ ಅದೇ ಸರಿಯಾದ ಹೊತ್ತು. ಹದಿನೈದು ದಿನದಲ್ಲಿ ಪ್ರೋಬ್ ಮೇಲೆ ಪಾಚಿ ಲೋಳೆ ಕಟ್ಟುತ್ತದೆ ಅನ್ನೋದು ನೆನಪಿರಲಿ. ಯಾರು, ಯಾವ ವಾರ ಬ್ರಷ್ ಹಿಡಿದು ಉಜ್ಜುತ್ತಾರೆ ಅನ್ನೋದನ್ನೂ ಡಿಸೈನಿನಲ್ಲೇ ಬರೆಯಿರಿ. ಊರಿನ ವಾಟರ್‌ಮ್ಯಾನ್ ನಮ್ಮ ಗಿಟ್‌ಹಬ್ ನೋಡೋದಿಲ್ಲ.

ಬ್ಯಾಕ್ಟೀರಿಯಾ ಬಗ್ಗೆ ಏನಾದರೂ ಮಾಡಲೇಬೇಕು ಅನ್ನೋರಿಗೆ ಒಂದು ಐಡಿಯಾ. 1982ರಲ್ಲಿ ಮಂಜ ಮತ್ತು ಸಂಗಡಿಗರು ಭಾರತದಲ್ಲೇ ರೂಪಿಸಿದ ಎಚ್2ಎಸ್ ಪರೀಕ್ಷೆ ಇದೆ. ಪೋಷಕ ದ್ರಾವಣ ಹೀರಿಸಿದ ಕಾಗದದ ತುಂಡಿರುವ ಪುಟ್ಟ ಬಾಟಲಿಗೆ ನೀರು ತುಂಬಿಸಿಟ್ಟರೆ, ಮಲದ ಬ್ಯಾಕ್ಟೀರಿಯಾ ಸೇರಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಕೆಲವೊಮ್ಮೆ ಗಂಧಕ ಇದ್ದರೂ ಕಪ್ಪಾಗಬಹುದು, ಹಾಗಾಗಿ ಇದೂ ಕೊನೆಯ ಮಾತಲ್ಲ. ಆದರೆ ಒಂದು ಥರ್ಮೋಕೋಲ್ ಡಬ್ಬಿ, 35 ಡಿಗ್ರಿ ಕಾಯ್ದುಕೊಳ್ಳುವ ಹೀಟರ್, ಇಎಸ್‌ಪಿ32 ಕ್ಯಾಮ್, ಗಂಟೆಗೊಂದು ಫೋಟೋ: ಇಷ್ಟಿದ್ದರೆ ಬಾಟಲಿ ಯಾವಾಗ ಕಪ್ಪಾಯ್ತು ಅನ್ನೋದು ತಾನಾಗಿ ದಾಖಲಾಗುತ್ತದೆ. ಜೂನಿಯರ್ಸ್ ಯಾರಾದರೂ ಕೈಗೆತ್ತಿಕೊಳ್ಳಿ, ನಮ್ಮ ಹಳೇ ಬೋರ್ಡು, ಡಬ್ಬಿ ಎರಡೂ ಕೊಡ್ತೀವಿ. ಎಲ್‌ಇಡಿ ಕೂಡ ಇದೆ. ಹಸಿರು ತೆಗೆದು ಹಳದಿ ಹಾಕಿದೀವಿ, ಅದರ ಕೆಳಗೆ 'ಸ್ಯಾಂಪಲ್ ಲ್ಯಾಬಿಗೆ ಕಳಿಸಿ' ಅಂತ ಬರೆದಿದೀವಿ.