ಟೊಮೆಟೊ ರಾಶಿಗೂ ಕರಟದ ಇದ್ದಿಲಿಗೂ ನಂಟು

ಬೆಲೆ ಬಿದ್ದಾಗ ಗುಂಡ್ಲುಪೇಟೆ, ತೆರಕಣಾಂಬಿ ಸೀಮೆಯ ಟೊಮೆಟೊ, ಕೀಳುವ ಕೂಲಿಯೂ ಹುಟ್ಟದೆ ಹೊಲದಲ್ಲೇ ಕೊಳೆಯುತ್ತದೆ. ಹೊಲದಲ್ಲಿ ಹಾಳಾದದ್ದನ್ನು ಬಿಟ್ಟು, ಮನೆ, ಅಂಗಡಿ, ಹೋಟೆಲುಗಳಲ್ಲೇ 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರ ಎಸೆಯಿತೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಲೆಕ್ಕ ಹಾಕಿದೆ. ಇಂಥ ಕಸವನ್ನು ಇದ್ದಿಲು ಮಾಡಿ, ಅದರಿಂದಲೇ ಇಂಗಾಲದ ಡೈಆಕ್ಸೈಡ್ ಹಿಡಿಯಬಹುದು ಎಂಬುದು ಪ್ರಯೋಗಾಲಯಗಳಲ್ಲಿ ಸಾಬೀತಾಗಿದೆ. ಗಾಳಿಯಾಡದಂತೆ ಮುಚ್ಚಿ ಕಾಯಿಸಿದರೆ ಇದ್ದಿಲು. ಆ ಇದ್ದಿಲಿಗೆ 800–900 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿದರೆ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ಒಂದೇ ಒಂದು ಗ್ರಾಂ ಇದ್ದಿಲಿನ ಒಳಗೋಡೆಗಳನ್ನು ಬಿಚ್ಚಿ ಹಾಸಿದರೆ ಸುಮಾರು 1000 ಚದರ ಮೀಟರ್, ಅಂದರೆ ಹತ್ತು ಗುಂಟೆ ನೆಲ! ಒತ್ತಡ ಹಾಕಿದಾಗ ಅನಿಲ ಆ ಗೋಡೆಗಳಿಗೆ ಅಂಟಿಕೊಳ್ಳುತ್ತದೆ, ಒತ್ತಡ ಇಳಿಸಿದರೆ ಬಿಟ್ಟುಕೊಡುತ್ತದೆ.

ಹಾಗೆಂದು ಟೊಮೆಟೊವನ್ನೇ ಇದ್ದಿಲು ಮಾಡಹೊರಡುವುದು ನನಗೆ ಸರಿಕಾಣದು. ಅದರಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರು. ಒಂದು ಕ್ವಿಂಟಲ್ ಒಣಗಿಸಿದರೆ ಕೈಗೆ ಸಿಗುವುದು ಐದಾರು ಕಿಲೋ. ಒಣಗಿಸಲು ಸುಟ್ಟ ಸೌದೆಯ ಹೊಗೆಯೇ ಲಾಭವನ್ನು ನುಂಗಿಬಿಡುತ್ತದೆ. ಹಸಿ ಕಸದ ಜಾಗ ಗೋಬರ್ ಗ್ಯಾಸ್ ತೊಟ್ಟಿ. ಇದ್ದಿಲಿಗೆ ಒಣ ತೆಂಗಿನ ಕರಟವೇ ಸರಿ. ಹಬೆ ಹಾಯಿಸಿದ ಕರಟದ ಇದ್ದಿಲಿನ ಕೆಲಸ ಶುರುವಾಗುವುದೂ ಆ ತೊಟ್ಟಿಯ ಬಳಿಯೇ. ತೊಟ್ಟಿಯ ಅನಿಲದಲ್ಲಿ ಮೀಥೇನ್ ನೂರಕ್ಕೆ ಅರವತ್ತರಷ್ಟು, ಉಳಿದದ್ದು ಹೆಚ್ಚುಕಡಿಮೆ ಇಂಗಾಲದ ಡೈಆಕ್ಸೈಡ್. ಅದನ್ನು ತೆಗೆಯದೆ ಸಿಲಿಂಡರಿಗೆ ತುಂಬಿ ವಾಹನ ಓಡಿಸಲಾಗದು. ತೇವವನ್ನೂ ಗಂಧಕದ ಅನಿಲವನ್ನೂ ಮೊದಲು ತೆಗೆದು ಇದ್ದಿಲಿನ ಮೂಲಕ ಹಾಯಿಸಿದರೆ ಮೀಥೇನ್ ಮುಂದೆ ಹೋಗುತ್ತದೆ, ಡೈಆಕ್ಸೈಡ್ ಸಿಕ್ಕಿಬೀಳುತ್ತದೆ. ಬಯಲ ಗಾಳಿಯಲ್ಲಿ ಅದು ನೂರಕ್ಕೆ 0.04 ಪಾಲು ಮಾತ್ರ. ತೊಟ್ಟಿಯಲ್ಲಿ ಹತ್ತಿರ ಹತ್ತಿರ ಸಾವಿರ ಪಟ್ಟು. ದಟ್ಟವಾಗಿರುವಲ್ಲಿ ಹಿಡಿಯುವುದು ಸುಲಭ, ಅಗ್ಗ.

ಕರಟ ಎಲ್ಲಿ ಪುಕ್ಕಟೆ ಸಿಗುತ್ತದೆ, ಸ್ನಾನದ ಒಲೆಗೂ ಇದ್ದಿಲು ವ್ಯಾಪಾರಿಗೂ ಅದು ಬೇಕಲ್ಲ ಎಂದರೆ, ನಿಜ. ಆದರೆ ಒಮ್ಮೆ ತುಂಬಿದ ಇದ್ದಿಲು ಸಾವಿರಾರು ಸಲ ದುಡಿಯುತ್ತದೆ, ಬೇಕಾಗುವ ಕರಟ ಸ್ವಲ್ಪವೇ. ಹಿಡಿದ ಅನಿಲವನ್ನು ಮತ್ತೆ ಗಾಳಿಗೆ ಬಿಟ್ಟರೆ ಏನು ಬಂತು ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಅದು ಕೆಲವು ತಿಂಗಳ ಹಿಂದೆ ಗಿಡ ಗಾಳಿಯಿಂದಲೇ ಹೀರಿದ ಇಂಗಾಲ, ಹೊಸ ಹೊರೆಯಲ್ಲ. ಡೀಸೆಲ್ ಉಳಿದದ್ದು, ತಿಪ್ಪೆಯ ಮೀಥೇನ್ ತಪ್ಪಿದ್ದು ಲಾಭ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಬಿಸಿಯೇರಿಸುತ್ತದೆ. ಆದ್ದರಿಂದಲೇ ತೊಟ್ಟಿ ಸೋರಕೂಡದು. ಇಂಗಾಲವನ್ನು ನಿಜಕ್ಕೂ ನೆಲದಲ್ಲಿ ಕೂಡಿಡಬೇಕಾದರೆ, ರಾಸುಗಳು ತಿಂದು ಮಿಕ್ಕ ಒಣ ದಂಟು, ಬೆಂಡುಗಳನ್ನು ಇದ್ದಿಲು ಮಾಡಿ, ತೊಟ್ಟಿಯ ಬಗ್ಗಡದೊಡನೆ ಅರಿಶಿನ, ಬಾಳೆಯ ಹೊಲಕ್ಕೆ ಸೇರಿಸಬೇಕು. ಮಣ್ಣಿನಲ್ಲಿ ಆ ಇದ್ದಿಲಿನ ಬಹುಪಾಲು ನೂರಾರು ವರ್ಷ ಕೊಳೆಯದೆ ಉಳಿಯುತ್ತದೆ.