ದಾಳಿಂಬೆಯ ಒಗರೂ ಮಿದುಳಿನ ಗಾಯವೂ

ಕೊಪ್ಪಳ ಸೀಮೆಯ ನೆಲಕ್ಕೆ ಎರಡು ಮುಖಗಳುಂಟು. ತುಂಗಭದ್ರೆಯ ಎಡದಂಡೆ ಕಾಲುವೆ ಹರಿದಿರುವ ಗಂಗಾವತಿಯ ಬಯಲು ಭತ್ತದ ಹಸುರಿನಿಂದ ಕಣ್ತಣಿಸಿದರೆ, ಹೆಚ್ಚಾಗಿ ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಜೋಳ, ಸಜ್ಜೆಗಳ ನಾಡು. ಈ ಒಣನೆಲದಲ್ಲಿಯೇ ಕೊಳವೆಬಾವಿಯ ನೀರನ್ನು ಹನಿಹನಿಯಾಗಿ ಉಣಿಸಿ ರೈತರು ದಾಳಿಂಬೆಯನ್ನು ಬೆಳೆದಿದ್ದಾರೆ. ಹಣ್ಣಿನ ಸಿಹಿಗೆ ಪೇಟೆಯಲ್ಲಿ ಬೆಲೆಯುಂಟು. ಸಿಪ್ಪೆಯ ಒಗರಿಗೆ ಬೆಲೆ ಕಟ್ಟಿದವರು ಕಡಿಮೆ. ಆ ಒಗರಿನ ದ್ರವ್ಯಗಳೇ ಲಕ್ವ ಹೊಡೆದವರ ಮಿದುಳಿಗೆ ನೆರವಾದಾವೇ ಎಂದು ವಿಜ್ಞಾನಿಗಳು ಕೇಳುತ್ತಿರುವುದು ಈ ಸೀಮೆಯವರ ಕುತೂಹಲವನ್ನು ಕೆರಳಿಸದೆ ಇರದು.

ಆಯುರ್ವೇದವು ಪಕ್ಷಾಘಾತವೆಂದು ಕರೆದ, ಜನರು ಲಕ್ವ ಎನ್ನುವ ಈ ವ್ಯಾಧಿಗೆ ಮೂಲವು ಸೋತ ಕೈಕಾಲುಗಳಲ್ಲಿಲ್ಲ, ಮಿದುಳಿನಲ್ಲಿದೆ. ಅಲ್ಲಿನ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗುತ್ತದೆ. ಇಲ್ಲವೆ ಒಡೆದು ರಕ್ತ ಸೋರುತ್ತದೆ. ದೊಡ್ಡ ನಾಳ ಮುಚ್ಚಿದಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಪ್ರಕಟವಾದ ಲೆಕ್ಕಾಚಾರವೊಂದು ಹೇಳುತ್ತದೆ. ರಕ್ತವೇ ತಲುಪದ ನಡುಭಾಗ ಬೇಗನೆ ಸಾಯುತ್ತದೆ. ಅದರ ಸುತ್ತಲಿನ ಅಂಚು ಮಾತ್ರ ಕೆಲವು ಗಂಟೆಗಳ ಕಾಲ ಅರೆಜೀವವಾಗಿ ಉಳಿದಿರುತ್ತದೆ. ಉರಿಯೂತವೂ, ಆಮ್ಲಜನಕದ ಉಗ್ರ ಕಣಗಳೂ ಆ ಅಂಚನ್ನು ಸುಡತೊಡಗುತ್ತವೆ. ಈ ದಹನವನ್ನು ತಡೆಯುವ ಗುಣ ಸಸ್ಯಗಳ ಅನೇಕ ದ್ರವ್ಯಗಳಲ್ಲಿದೆ; ಭರವಸೆ ಹುಟ್ಟಿದ್ದು ಇಲ್ಲಿಂದಲೇ.

ದಾಳಿಂಬೆಯ ಸಿಪ್ಪೆಯಲ್ಲಿ ಪ್ಯುನಿಕಲಾಜಿನ್ ಎಂಬ ಒಗರುದ್ರವ್ಯ ಹೇರಳವಾಗಿದೆ. ಅಮೆರಿಕದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಗರ್ಭಿಣಿ ಇಲಿಗಳಿಗೆ ದಾಳಿಂಬೆಯ ರಸವನ್ನು ಕುಡಿಸಲಾಯಿತು. ಬಳಿಕ ಅವುಗಳ ಮರಿಗಳಿಗೆ ರಕ್ತ, ಆಮ್ಲಜನಕಗಳ ಕೊರತೆಯನ್ನುಂಟುಮಾಡಿದಾಗ ಮಿದುಳಿನ ನಷ್ಟ ಶೇಕಡಾ 60ಕ್ಕಿಂತಲೂ ಹೆಚ್ಚು ಕಡಿಮೆಯಾಗಿತ್ತು. ಮುಂದೆ ಕ್ಯಾಲಿಫೋರ್ನಿಯದ ಲೋಮ ಲಿಂಡ ವಿಶ್ವವಿದ್ಯಾಲಯದವರು ಲಕ್ವ ಹೊಡೆದ 16 ರೋಗಿಗಳಲ್ಲಿ ಕೆಲವರಿಗೆ ಒಂದು ವಾರ ದಾಳಿಂಬೆಸತ್ತ್ವದ ಗುಳಿಗೆಯನ್ನೂ ಉಳಿದವರಿಗೆ ಹುಸಿಗುಳಿಗೆಯನ್ನೂ ಕೊಟ್ಟು ನೋಡಿದರು. ಸತ್ತ್ವವನ್ನು ಸೇವಿಸಿದವರು ಹೆಚ್ಚು ಚೇತರಿಸಿಕೊಂಡರು. ಆದರೆ ಹದಿನಾರು ಮಂದಿಯಿಂದ ಜಗತ್ತಿಗೆ ತೀರ್ಪು ಹೇಳಲಾಗದು.

ಇಲಿಯಿಂದ ಮನುಷ್ಯನವರೆಗಿನ ದಾರಿ ಬಲು ದುರ್ಗಮವಾದುದು. ಲಕ್ವಕ್ಕಾಗಿ ಪ್ರಯೋಗಕ್ಕೊಳಗಾದ 1026 ಚಿಕಿತ್ಸೆಗಳನ್ನು 2006ರಲ್ಲಿ ಪಟ್ಟಿಮಾಡಿದಾಗ, ರೋಗಿಗಳ ಮೇಲಿನ ಪರೀಕ್ಷೆಯವರೆಗೆ ಬಂದಿದ್ದವು 114 ಮಾತ್ರ. ಅರಿಶಿನದ ಕರ್ಕ್ಯುಮಿನ್ ಪ್ರಯೋಗಶಾಲೆಯಲ್ಲಿ ಮೆರೆಯುತ್ತದೆ. ನುಂಗಿದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ರಕ್ತವನ್ನು ಸೇರಿದ ದ್ರವ್ಯವೂ ಮಿದುಳಿನ ನಾಳಗಳ ಬಿಗಿಯಾದ ಗೋಡೆಯನ್ನು ದಾಟಬೇಕು. ಗದ್ದೆಯ ತೇವದಲ್ಲಿ ಹಬ್ಬುವ ಒಂದೆಲಗವೂ ಈ ಪರೀಕ್ಷೆಗಳನ್ನು ಇನ್ನೂ ಗೆದ್ದಿಲ್ಲ.

ಬಹುದೂರ ಸಾಗಿದ ದ್ರವ್ಯವೊಂದಿದೆ. ನಮ್ಮ ಓಮ, ಕೊತ್ತಂಬರಿಗಳ ಕುಲಕ್ಕೆ ಸೇರಿದ ಸೆಲರಿಯ ಬೀಜದಲ್ಲಿ ದೊರೆತ ಬ್ಯುಟೈಲ್‌ಥ್ಯಾಲೈಡ್ ಅದು. ಚೀನ ದೇಶವು 2002ರಲ್ಲಿ ಅದಕ್ಕೆ ಔಷಧಿಯ ಮನ್ನಣೆಯನ್ನಿತ್ತಿತು. ಅಲ್ಲಿನ 1216 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2023ರಲ್ಲಿ ಹೊರಬಂದಿತು: ಮೂರು ತಿಂಗಳ ಬಳಿಕ ಒಳ್ಳೆಯ ಸ್ಥಿತಿಗೆ ಮರಳಿದವರು ಔಷಧಿ ಪಡೆದವರಲ್ಲಿ ಶೇಕಡಾ 56.7, ಪಡೆಯದವರಲ್ಲಿ ಶೇಕಡಾ 44. ಆದರೆ ಇಲ್ಲೊಂದು ಮರೆಯಬಾರದ ಸಂಗತಿಯಿದೆ. ಆ ರೋಗಿಗಳೆಲ್ಲರೂ ಆರು ಗಂಟೆಗಳೊಳಗೆ ಆಸ್ಪತ್ರೆ ಸೇರಿ, ಹೆಪ್ಪನ್ನು ಕರಗಿಸುವ ಅಥವಾ ಸೆಳೆದು ತೆಗೆಯುವ ಚಿಕಿತ್ಸೆಯನ್ನು ಪಡೆದವರು. ಸಸ್ಯಮೂಲದ ಔಷಧಿ ಆ ಚಿಕಿತ್ಸೆಗೆ ಜೊತೆಯಾಯಿತೇ ಹೊರತು ಬದಲಾಗಲಿಲ್ಲ.

ಈ ಮಾತು ನಮ್ಮ ಹಳ್ಳಿಗಳಿಗೆ ಮುಖ್ಯವಾದುದು. ಮುಖ ಓರೆಯಾಗಿ, ತೋಳು ಸೋತು, ಮಾತು ತೊದಲಿದವರನ್ನು ಮೊದಲು ಸೊಪ್ಪಿನ ರಸಕ್ಕೆಂದು ನಾಟಿವೈದ್ಯರಲ್ಲಿಗೆ ಕರೆದೊಯ್ಯುವ ರೂಢಿ ಇನ್ನೂ ಅಳಿದಿಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳ ಅವಧಿ ಮಾತ್ರ ಉಂಟು. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದನ್ನು ತಲೆಯ ಸ್ಕ್ಯಾನ್ ಮೊದಲು ತಿಳಿಸಬೇಕು. ಒಡೆದಿದ್ದರೆ ಆ ಮದ್ದೇ ಮೃತ್ಯುವಾದೀತು. ನುಂಗುವ ಶಕ್ತಿ ಕುಂದಿದವರ ಬಾಯಿಗೆ ಹನಿಸಿದ ರಸ, ಅದು ದಾಳಿಂಬೆಯದೇ ಆಗಲಿ, ಶ್ವಾಸನಾಳಕ್ಕೆ ಇಳಿಯಬಹುದು. ಯಲಬುರ್ಗಾದ ಒಳಹಳ್ಳಿಯಿಂದ ದೊಡ್ಡ ಆಸ್ಪತ್ರೆಯನ್ನು ಮುಟ್ಟುವುದಕ್ಕೇ ಸಾಕಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಿಂದ ಒಂದು ಗಂಟೆಯನ್ನು ಕಳೆಯುವುದೆಂದರೆ ರೋಗಿಯ ನಾಳಿನ ನಡೆನುಡಿಗಳನ್ನೇ ಕಳೆದಂತೆ.

ಗಿಡಮೂಲಿಕೆಯನ್ನು ಜರೆಯುವುದು ಈ ಮಾತಿನ ಉದ್ದೇಶವಲ್ಲ. ಸೆಲರಿಯ ಬೀಜ ಮಾಡಿದ್ದನ್ನು ನಾಳೆ ದಾಳಿಂಬೆಯೂ ಮಾಡಿ ತೋರಿಸಬಹುದು. ಸಂಶೋಧನೆ ಅದಕ್ಕಾಗಿಯೇ ನಡೆಯಬೇಕು. ಅಲ್ಲಿಯವರೆಗೆ ದಾಳಿಂಬೆ ಊಟದ ತಟ್ಟೆಯಲ್ಲಿರಲಿ, ಲಕ್ವ ಹೊಡೆದವರು ತಡವಿಲ್ಲದೆ ಆಸ್ಪತ್ರೆಯಲ್ಲಿರಲಿ.